ಮೊದಲ ಸಲ ಪಿಸಿ ಜೋಡಿಸುತ್ತಿದ್ದೇವೆ, ಈ ಕೋಟೇಶನ್ ಸರಿಯಿದೆಯಾ?

ಪ್ರಶ್ನೆ (ಅರಸೀಕೆರೆಯಿಂದ)

ಎಲ್ಲರಿಗೂ ನಮಸ್ಕಾರ. ಮಗಳು ಸಿವಿಲ್ ಡಿಪ್ಲೊಮಾ ಸೇರಿದ್ದಾಳೆ. ಆಟೋಕ್ಯಾಡ್ ಈಗಲೇ ಬೇಕು, ಮುಂದೆ ರೆವಿಟ್ (ಕಟ್ಟಡದ 3ಡಿ ವಿನ್ಯಾಸದ ಸಾಫ್ಟ್‌ವೇರ್) ಕೂಡ ಬೇಕಾಗಬಹುದು. ನನ್ನದು ಟ್ಯಾಲಿ ಕೆಲಸ. ಗೇಮ್ ಯಾರೂ ಆಡುವುದಿಲ್ಲ. ಬಿಡಿಭಾಗ ತಂದು ನಾವೇ ಜೋಡಿಸೋಣ ಅಂತ ಇಬ್ಬರಿಗೂ ಆಸೆ. ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಯೊಂದರಲ್ಲಿ ಈ ಕೋಟೇಶನ್ ಕೊಟ್ಟಿದ್ದಾರೆ:

ಪ್ರೊಸೆಸರ್: ರೈಜೆನ್ 5 7500ಎಫ್
ಬೋರ್ಡ್: ಬಿ650ಎಂ
ರ‍್ಯಾಮ್: ಡಿಡಿಆರ್5 16 ಜಿಬಿ, ಒಂದೇ ಸ್ಟಿಕ್
ಎಸ್‌ಎಸ್‌ಡಿ: ಎಂ.2, 500 ಜಿಬಿ
ಕ್ಯಾಬಿನೆಟ್: ಜೊತೆಗೆ 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ) ಫ್ರೀ
ಮಾನಿಟರ್: 22 ಇಂಚು

ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕೆ ಬೇಡ, ಬಜೆಟ್ ಸಾಲುವುದಿಲ್ಲ. ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತದೆ, ಮನೆಗೆ ಇನ್ವರ್ಟರ್ ಇದೆ. ಯುಪಿಎಸ್ ಬೇರೆ ಬೇಕಾ?

ಉತ್ತರ 1

ಮೇಡಂ, ದುಡ್ಡು ಕೊಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ಈ ಪಟ್ಟಿಯಂತೆ ಜೋಡಿಸಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ, ಆದರೆ ಮಾನಿಟರ್‌ನಲ್ಲಿ ಏನೂ ಕಾಣುವುದಿಲ್ಲ. 7500ಎಫ್ ಒಳಗೆ ಗ್ರಾಫಿಕ್ಸ್ ಇಲ್ಲ. ಬೋರ್ಡ್ ಹಿಂದೆ ಎಚ್‌ಡಿಎಂಐ ಕಿಂಡಿ ಇದ್ದರೂ ಅದಕ್ಕೆ ಚಿತ್ರ ಕಳಿಸುವವರೇ ಇರುವುದಿಲ್ಲ. ಇಂಟೆಲ್‌ನಲ್ಲೂ ಹೀಗೇ, 12400ಎಫ್ ತರಹ ಕೊನೆಗೆ 'ಎಫ್' ಇದ್ದರೆ ಕಾರ್ಡ್ ಕಡ್ಡಾಯ.

ಅದರ ಬದಲು ರೈಜೆನ್ 5 7600 ತೆಗೆದುಕೊಳ್ಳಿ. ಅದೇ 6 ಕೋರ್, 12 ಥ್ರೆಡ್, ಒಳಗೆ ಸಣ್ಣ ಗ್ರಾಫಿಕ್ಸ್ ಇದೆ. ಟ್ಯಾಲಿಗೂ ಆಟೋಕ್ಯಾಡ್‌ನ 2ಡಿ ಡ್ರಾಯಿಂಗ್‌ಗೂ ಸಾಕು. 7600ಎಕ್ಸ್ ಬೇಡ. ಅದು ಜಾಸ್ತಿ ಬಿಸಿಯಾಗುತ್ತದೆ, ಬಾಕ್ಸ್‌ನಲ್ಲಿ ಕೂಲರ್ ಬರುವುದಿಲ್ಲ. 7600 ಬಾಕ್ಸ್‌ನಲ್ಲಿ ಕೂಲರ್ ಇರುತ್ತದೆ. ಆದರೆ ಸೀಲ್ ಆದ ಬಾಕ್ಸ್ ಕೇಳಿ, ಬಾಕ್ಸ್ ಇಲ್ಲದೆ ಬಿಡಿಯಾಗಿ ಬರುವ ಟ್ರೇ ಪೀಸ್ ಕೊಟ್ಟರೆ ಕೂಲರ್ ಸಿಗುವುದಿಲ್ಲ.

ಬೋರ್ಡ್ ಚೆನ್ನಾಗಿದೆ, ಹಾಗೇ ಇರಲಿ. ಅದರಲ್ಲಿ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್‌ಗೆ 2027ರವರೆಗೆ ಮತ್ತು ಅದರಾಚೆಗೂ ಹೊಸ ಪ್ರೊಸೆಸರ್ ಕೊಡುತ್ತೇವೆ ಅಂತ ರೈಜೆನ್ ತಯಾರಿಸುವ ಎಎಂಡಿ ಹೇಳಿದೆ. ಮಗಳ ಓದು ಮುಗಿದ ಮೇಲೂ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸಬಹುದು.

ಉತ್ತರ 2

ಕಾರ್ಡ್ ಇಲ್ಲದ ಪಿಸಿಗೆ ರೈಜೆನ್ 5 8600ಜಿ ಉತ್ತಮ ಅಲ್ವಾ? ಅದರ ಒಳಗಿನ ಗ್ರಾಫಿಕ್ಸ್ 7600ಗಿಂತ ಬಹಳ ಮುಂದೆ ಇದೆ. ಮತ್ತೆ ರ‍್ಯಾಮ್ ಒಂದೇ ಸ್ಟಿಕ್ ಯಾಕೆ? ಎರಡು 8 ಜಿಬಿ ಹಾಕಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡು ದಾರಿಯಲ್ಲಿ ಡೇಟಾ ಓಡುತ್ತದೆ.

ಉತ್ತರ 1

ಯಾವತ್ತೂ ಕಾರ್ಡ್ ಹಾಕುವುದಿಲ್ಲ ಅನ್ನುವವರಿಗೆ 8600ಜಿ ಸರಿ, ಒಪ್ಪುತ್ತೇನೆ. ಆದರೆ ಇವರಿಗೆ ರೆವಿಟ್ ಬಂದರೆ ಕಾರ್ಡ್ ಬೇಕಾಗುತ್ತದೆ. 8600ಜಿಯಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 7600ರಲ್ಲಿ 32. ಕಾರ್ಡ್ ಜೊತೆ ಡೇಟಾ ಓಡಾಡುವ ಪಿಸಿಐ ದಾರಿಗಳೂ 8600ಜಿಯಲ್ಲಿ ಅರ್ಧ. ಇನ್ನೊಂದು ಮಾತು. ಬಿ650 ಬೋರ್ಡ್‌ಗಳು ಬಂದಿದ್ದು 2022ರಲ್ಲಿ, 8600ಜಿ ಬಂದಿದ್ದು 2024ರಲ್ಲಿ. ಹಳೆಯ ಸ್ಟಾಕ್ ಬೋರ್ಡ್ ಕೈಗೆ ಬಂದರೆ ಮೊದಲು ಬಯಾಸ್ (ಬೋರ್ಡ್ ಒಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಬೇಕು. ಮೊದಲ ಸಲ ಜೋಡಿಸುವವರಿಗೆ ಆ ತಲೆನೋವು ಯಾಕೆ? 7600ಗೆ ಆ ತೊಂದರೆ ಕಡಿಮೆ.

ರ‍್ಯಾಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಎರಡು ಸ್ಟಿಕ್ ಇದ್ದರೆ ವೇಗ ಜಾಸ್ತಿ, ನಿಜ. ಆದರೆ ರೆವಿಟ್‌ಗೆ 32 ಜಿಬಿ ಬೇಕು ಅನ್ನಿಸಿದ ದಿನ ಎರಡು 8 ಜಿಬಿಯನ್ನೂ ತೆಗೆದಿಡಬೇಕಾಗುತ್ತದೆ. ಅದರ ಪಕ್ಕಕ್ಕೆ ಇನ್ನೆರಡು ಸೇರಿಸಬಹುದಲ್ಲ ಅಂದರೆ, ಎಎಂ5ನಲ್ಲಿ ನಾಲ್ಕು ಸ್ಟಿಕ್ ತುಂಬಿದರೆ ವೇಗ ತುಂಬಾ ಇಳಿಯುತ್ತದೆ. 7000 ಸರಣಿಗೆ ಎಎಂಡಿ ಕೊಟ್ಟಿರುವ ಲೆಕ್ಕದಲ್ಲೇ ರ‍್ಯಾಮ್ ವೇಗ ಸೆಕೆಂಡಿಗೆ 5200ರಿಂದ 3600 ಮೆಗಾಟ್ರಾನ್ಸ್‌ಫರ್‌ಗೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವ ರೀತಿ ನೋಡಿದರೆ ಈಗ 32 ಜಿಬಿ ತೆಗೆದುಕೊಳ್ಳಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಈಗ ಒಂದು 16, ಮುಂದೆ ಅದೇ ಮಾಡೆಲ್‌ನ ಇನ್ನೊಂದು 16. ಸ್ಟಿಕ್ ಮೇಲಿರುವ ಪಾರ್ಟ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ಎಸ್‌ಎಸ್‌ಡಿ ಕೊಳ್ಳುವಾಗ ಎಂ.2 ಅಂತ ಮಾತ್ರ ಕೇಳಬೇಡಿ, ಎನ್‌ವಿಎಂಇ (ವೇಗದ ಬಗೆ) ಅಂತ ಕೇಳಿ. ಹಳೆಯ, ನಿಧಾನದ ಬಗೆಯಾದ ಸಾಟಾ ಎಂ.2 ಕೂಡ ನೋಡಲು ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಈಗಿನ ಹಲವು ಬೋರ್ಡ್‌ಗಳು ಅದನ್ನು ಗುರುತಿಸುವುದಿಲ್ಲ.

ಈಗ ಎಸ್‌ಎಂಪಿಎಸ್. ಮೇಡಂ, ಪ್ರೊಸೆಸರ್‌ಗಿಂತ ನನಗೆ ಇದರ ಚಿಂತೆ ಜಾಸ್ತಿ. ನಿಮ್ಮ ಪಿಸಿ ಕಾರ್ಡ್ ಇಲ್ಲದೆ 150 ವ್ಯಾಟ್ ಕೂಡ ಎಳೆಯುವುದಿಲ್ಲ, ಹಾಗಾಗಿ 450 ಅನ್ನುವ ಸಂಖ್ಯೆ ತೊಂದರೆಯಲ್ಲ. ಫ್ರೀ ಕೊಡುವ ಡಬ್ಬದ ಒಳಗೆ ಏನಿದೆ ಅನ್ನುವುದೇ ತೊಂದರೆ. ವೋಲ್ಟೇಜ್ ಏರಿಳಿತ ಇರುವ ಊರಲ್ಲಿ ಮೊದಲ ಪೆಟ್ಟು ತಿನ್ನುವುದು ಅದು. ಕೆಟ್ಟ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಎಸ್‌ಎಂಪಿಎಸ್ ಇಲ್ಲದ ಕ್ಯಾಬಿನೆಟ್ ಕೇಳಿ. ಹೆಸರಿರುವ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಝ್, ಐದು ವರ್ಷ ವಾರಂಟಿ ಇರುವುದನ್ನು ಬೇರೆಯಾಗಿ ಕೊಳ್ಳಿ. ಬ್ರಾಂಝ್ ಅನ್ನುವುದು ಕರೆಂಟ್ ಉಳಿತಾಯದ ಗುರುತು ಮಾತ್ರ, ಗುಣಮಟ್ಟದ್ದಲ್ಲ. ಅದಕ್ಕೇ ವಾರಂಟಿಯನ್ನೂ ನೋಡಿ ಅಂದಿದ್ದು. ಮುಂದೆ ಆರ್‌ಟಿಎಕ್ಸ್ 4060 ಮಟ್ಟದ ಕಾರ್ಡ್ ಹಾಕಿದರೂ ಅದು ಎಳೆಯುವುದು 115 ವ್ಯಾಟ್. 550 ಧಾರಾಳ. ಇದಕ್ಕೆ ದುಡ್ಡು ಸಾಲದಿದ್ದರೆ ಮಾನಿಟರ್‌ನಲ್ಲಿ ಉಳಿಸಿ.

ಇನ್ವರ್ಟರ್: ಅದು ಶುದ್ಧ ಸೈನ್ ವೇವ್‌ನದಾ, ಸ್ಕ್ವೇರ್ ವೇವ್‌ನದಾ ನೋಡಿ. ಸ್ಕ್ವೇರ್ ಆದರೆ ಪಿಸಿಯನ್ನು ಅದಕ್ಕೆ ಕೊಡಬೇಡಿ. ಸೈನ್ ಆದರೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ಹುಡುಕಿ, ಇದ್ದರೆ ಅದಕ್ಕೆ ಹಾಕಿಡಿ. ಕರೆಂಟ್ ಹೋದ ಮೇಲೆ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಅಷ್ಟರೊಳಗೆ ಬದಲಾಗದಿದ್ದರೆ ಪಿಸಿ ರೀಸ್ಟಾರ್ಟ್ ಆಗುತ್ತದೆ, ಸೇವ್ ಮಾಡದ ಡ್ರಾಯಿಂಗ್ ಹೋಗುತ್ತದೆ. ಸ್ಕ್ವೇರ್ ಆಗಿದ್ದರೆ ಅಥವಾ ಹೀಗೆ ರೀಸ್ಟಾರ್ಟ್ ಆದರೆ ಮಾತ್ರ 600 ವಿಎ ಯುಪಿಎಸ್ ಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. 7600, ಒಂದು 16 ಜಿಬಿ, 550 ವ್ಯಾಟ್ ಎಸ್‌ಎಂಪಿಎಸ್ ತಂದೆವು. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿದ್ದೇವೆ. ಇವತ್ತು ಮಗಳೇ ಜೋಡಿಸಿದಳು. ಆದರೆ ಆನ್ ಮಾಡಿದರೆ ಸ್ಕ್ರೀನ್ ಕಪ್ಪು. ಬೋರ್ಡ್ ಮೇಲೆ 'ಡಿರ‍್ಯಾಮ್' ಅಂತ ಬರೆದಿರುವ ಕಡೆ ಹಳದಿ ಲೈಟ್ ಉರಿಯುತ್ತಿದೆ. ಎರಡು ನಿಮಿಷ ಆಯಿತು. ರ‍್ಯಾಮ್ ಹಾಳಾಗಿದೆಯಾ?

ಉತ್ತರ 1

ಆಫ್ ಮಾಡಬೇಡಿ, ಹಾಗೇ ಬಿಡಿ. ಎಎಂ5 ಬೋರ್ಡ್ ಮೊದಲ ಸಲ ಆನ್ ಆದಾಗ ಡಿಡಿಆರ್5 ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ, ನಡುವೆ ತಾನೇ ರೀಸ್ಟಾರ್ಟ್ ಆದರೂ ಆಗಬಹುದು. ಕಾಲು ಗಂಟೆ ಕಳೆದರೂ ಏನೂ ಬಾರದಿದ್ದರೆ ಪ್ಲಗ್ ತೆಗೆದು, ಸ್ಟಿಕ್ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ನಲ್ಲಿದೆಯಾ, ಕ್ಲಿಕ್ ಅಂತ ಪೂರ್ತಿ ಕೂತಿದೆಯಾ ನೋಡಿ.

ಪ್ರಶ್ನೆ ಕೇಳಿದವರು

ಬಂತು ಸರ್! ಬಯಾಸ್‌ನಲ್ಲಿ 16 ಜಿಬಿ ತೋರಿಸುತ್ತಿದೆ, ಎಸ್‌ಎಸ್‌ಡಿಯೂ ಕಾಣುತ್ತಿದೆ. ಮಗಳಿಗೆ ಎಷ್ಟು ಖುಷಿ ಅಂದರೆ ಊಟಕ್ಕೂ ಬರುತ್ತಿಲ್ಲ. ಒಂದೇ ಒಂದು ಅನುಮಾನ. ಕ್ಯಾಬಿನೆಟ್‌ನ ಸ್ಕ್ರೂ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತದೆ. ವೈರಿಂಗ್‌ನಲ್ಲಿ ಏನಾದರೂ ತಪ್ಪಾಗಿದೆಯಾ?

ಉತ್ತರ 2

ಜೋಡಣೆಯದ್ದಲ್ಲ, ಬಹುಶಃ ಮನೆಯ ಅರ್ಥಿಂಗ್ ಸಮಸ್ಯೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪವೇ ಸ್ವಲ್ಪ ಕರೆಂಟನ್ನು ಅರ್ಥ್ ತಂತಿಗೆ ಹರಿಸುತ್ತವೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನಲ್ಲೇ ನಿಲ್ಲುತ್ತದೆ. ಮುಖ್ಯ ವೋಲ್ಟೇಜಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟ್ ತೋರಿಸುವುದೂ ಉಂಟು. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಸದ್ಯಕ್ಕೆ ಪಿಸಿ ಆಫ್ ಮಾಡಿ, ಪ್ಲಗ್ ತೆಗೆದಿಡಿ. ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟ್ ಮತ್ತು ಇನ್ವರ್ಟರ್ ಲೈನ್ ಎರಡರ ಅರ್ಥ್ ಕೂಡ ನೋಡಿಸಿ.

ಪ್ರಶ್ನೆ ಕೇಳಿದವರು

ಎಲೆಕ್ಟ್ರಿಷಿಯನ್ ಬಂದು ನೋಡಿದರು. ನೀವು ಹೇಳಿದ ಹಾಗೇ, ಸಾಕೆಟ್‌ಗೆ ಅರ್ಥ್ ತಂತಿ ಬಂದೇ ಇರಲಿಲ್ಲ. ಹೊಸ ತಂತಿ ಎಳೆದ ಮೇಲೆ ಜುಮ್ ಅನ್ನುವುದು ನಿಂತಿದೆ. ಇನ್ವರ್ಟರ್ ಸೈನ್ ವೇವ್‌ನದು, ಯುಪಿಎಸ್ ಮೋಡ್‌ಗೆ ಹಾಕಿ ಮೇನ್ ಆಫ್ ಮಾಡಿ ನೋಡಿದೆವು, ಪಿಸಿ ಅಲ್ಲಾಡಲಿಲ್ಲ. ಯುಪಿಎಸ್‌ಗೆ ಎತ್ತಿಟ್ಟ ದುಡ್ಡನ್ನು ಮುಂದಿನ 16 ಜಿಬಿಗೆ ಇಡುತ್ತಿದ್ದೇವೆ.