ಹಿರಿಯರ ಬಡಾವಣೆಗೆ ಆಕ್ಷೇಪಣೆ ಬರೆಯಬೇಕು, ಆದರೆ ಕೆಲಸ ನಿಲ್ಲಬಾರದು. ಹೇಗೆ?

ನಿವೃತ್ತ ಟೀಚರ್, ರಾಯಚೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರಿಗೆ ಮೂರು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ನಾವಿರುವುದು ಮೊದಲ ಮಹಡಿಯಲ್ಲಿ. 19 ಮೆಟ್ಟಿಲು, ಪ್ರತಿ ದಿನ ನಾನು ಎಣಿಸುತ್ತೇನೆ.

ಲಿಂಗಸುಗೂರು ರಸ್ತೆ ಕಡೆ, ಊರಿನಿಂದ ಆಚೆ, ಹಿರಿಯರಿಗಾಗಿಯೇ 60 ಮನೆ ಕಟ್ಟುತ್ತಾರಂತೆ. ಎಲ್ಲ ನೆಲಮಹಡಿ. ಕೇಳಿ ಖುಷಿಯಾಗಿ ಒಂದು ಲಕ್ಷ ಮುಂಗಡ ಕೊಟ್ಟೆವು. ಮೊನ್ನೆ ಪೇಪರಿನಲ್ಲಿ ಪ್ರಕಟಣೆ ಬಂತು. ಅದೇ ಸರ್ವೆ ನಂಬರಿನ ಜಮೀನನ್ನು ಕೃಷಿಯಿಂದ ವಸತಿಗೆ ಬದಲಾಯಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ತಿಳಿಸಿ ಅಂತ.

ಜಾಗ ನೋಡಿ ಬರೋಣ ಅಂತ ಇಬ್ಬರೂ ಆಟೋ ಮಾಡಿಕೊಂಡು ಹೋದೆವು. ಹಿಂದಿನ ರಾತ್ರಿ ಮಳೆಯಾಗಿತ್ತು. ಮುಖ್ಯ ರಸ್ತೆಯಿಂದ ಒಳಗೆ ಬರೀ ಎರೆ ಮಣ್ಣಿನ ದಾರಿ. ಇವರ ಕೋಲು ಕೆಸರಿನಲ್ಲಿ ಇಳಿದುಬಿಟ್ಟಿತು. ಎಳೆದರೆ ಕೋಲು ಬಂತು, ತುದಿಯ ರಬ್ಬರ್ ಅಲ್ಲೇ ಉಳಿಯಿತು. ಇವರು ಏನೂ ಮಾತಾಡಲಿಲ್ಲ, ಸುಮ್ನೆ ನಿಂತರು. ಪಕ್ಕದಲ್ಲಿ ಹಳ್ಳ ಬೇರೆ. ಬಸ್ ನಿಲ್ಲುವ ಜಾಗಕ್ಕೆ ನನ್ನ ನಡಿಗೆಯಲ್ಲೇ 25 ನಿಮಿಷ. ದೊಡ್ಡ ಸರ್ಕಾರಿ ಆಸ್ಪತ್ರೆ ರಿಮ್ಸ್ ಹೈದರಾಬಾದ್ ರಸ್ತೆಯಲ್ಲಿದೆ, ಅಂದರೆ ಇಡೀ ಊರು ದಾಟಬೇಕು.

ನನಗೆ ಈ ಮನೆಗಳು ಬೇಕು. ನಮ್ಮಂಥವರು ಈ ಊರಲ್ಲಿ ಎಷ್ಟು ಜನ ಇದ್ದಾರೆ! ಹಾಗಂತ ವಯಸ್ಸಾದವರನ್ನು ತಂದು ಹೊಲದ ನಡುವೆ ಬಿಟ್ಟರೆ ಆಯಿತಾ? ಕೆಲಸ ನಿಲ್ಲದ ಹಾಗೆ, ಆದರೆ ಸರಿಯಾಗಿ ಆಗುವ ಹಾಗೆ ಹೇಗೆ ಬರೆಯಲಿ?

ಹಳೇ ನಕ್ಷೆ:

ಟೀಚರ್, ನಾನು ನಕ್ಷೆ ವಿಭಾಗದಲ್ಲಿ ಕೆಲಸ ಮಾಡಿದವನು. ಮೊದಲು ನಿಮ್ಮ ದುಡ್ಡಿನ ವಿಷಯ. ಜಾಗದ ಬಳಕೆಯೇ ಇನ್ನೂ ಬದಲಾಗಿಲ್ಲ. ಹಾಗಿದ್ದ ಮೇಲೆ ಮುಂಗಡ ಹೇಗೆ ತಗೊಂಡರು? 2016ರ ರೇರಾ ಕಾಯ್ದೆ, ಅಂದರೆ ಮನೆ ಕಟ್ಟಿ ಮಾರುವವರ ಮೇಲೆ ನಿಗಾ ಇಡುವ ಕಾನೂನು, ಅದರ ಪ್ರಕಾರ ಜಾಗ 500 ಚದರ ಮೀಟರ್ ದಾಟಿದರೆ, ಅಥವಾ ಮನೆಗಳು 8ಕ್ಕಿಂತ ಜಾಸ್ತಿ ಇದ್ದರೆ, ನೋಂದಣಿ ಆಗದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಕೂಡ ಮಾಡುವಂತಿಲ್ಲ. ರಸೀದಿ ಜೋಪಾನ. ರೇರಾ ನೋಂದಣಿ ನಂಬರ್ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಹಣ ವಾಪಸ್ ಕೇಳಿ.

ಇನ್ನು ಪ್ರಕಟಣೆ. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14-ಎ, ಜಾಗದ ಬಳಕೆ ಬದಲಾಯಿಸುವುದಕ್ಕೆ ಇರುವ ಕಲಂ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು ಅಂತ ಆ ಕಲಮಿನಲ್ಲೇ ಇದೆ. ನಿಮ್ಮ ಪತ್ರಕ್ಕೆ ಅದೇ ಬುಡ. 'ನನ್ನ ವಿರೋಧವಿಲ್ಲ, ಈ ಷರತ್ತುಗಳೊಂದಿಗೆ ಒಪ್ಪಿಗೆ ಕೊಡಿ' ಅಂತಲೇ ಶುರು ಮಾಡಿ. ದಾರಿಗೆ ಡಾಂಬರು, ಹಳ್ಳದಿಂದ ಬಿಡಬೇಕಾದ ಜಾಗ, ಚರಂಡಿ, ಬೀದಿ ದೀಪ, ಬಸ್. ಇಷ್ಟೇ ಬರೆಯಿರಿ. ಬಾಗಿಲು, ಬಚ್ಚಲು ಎಲ್ಲ ಕಟ್ಟಡದ ನಕ್ಷೆ ಬಂದಾಗಿನ ಮಾತು. ಈಗಲೇ ಸೇರಿಸಿದರೆ 'ಇದು ಈ ಹಂತಕ್ಕೆ ಸಂಬಂಧಿಸಿಲ್ಲ' ಅಂತ ಇಡೀ ಪತ್ರವನ್ನೇ ಬದಿಗಿಡುತ್ತಾರೆ. ನಾನೇ ಕಣ್ಣಾರೆ ಕಂಡಿದ್ದೇನೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ತಾರೀಖಿನ ಸಮೇತ ಸೀಲು ಹಾಕಿಸದೆ ಕಚೇರಿಯಿಂದ ಹೊರಗೆ ಬರಬೇಡಿ.

ಗುಡ್ಡದ ಕೆಳಗೆ:

ನಾನು ಬಳ್ಳಾರಿ. ನಮ್ಮಪ್ಪ ಇಂಥದ್ದೇ ಒಂದು ಕಡೆ ಎರಡು ವರ್ಷ ಇದ್ದರು. ಬಚ್ಚಲಿನ ಬಾಗಿಲು ನಕ್ಷೆಯಲ್ಲಿ ಎರಡೂವರೆ ಅಡಿ. ಚೌಕಟ್ಟು ಕಳೆದರೆ ಉಳಿದಿದ್ದು ಎರಡಡಿ ಚಿಲ್ಲರೆ. ವೀಲ್‌ಚೇರ್ ಹೋಗಲಿಲ್ಲ. ಹೊಸಿಲಲ್ಲಿ ಕುರ್ಚಿ ಬಿಟ್ಟು, ಅಪ್ಪನನ್ನು ನಾನು ಎತ್ತಿಕೊಂಡು ಒಳಗೆ ಹೋಗಬೇಕಾಗಿತ್ತು. ಅವರಿಗೆ ಎಷ್ಟು ನಾಚಿಕೆ ಆಗುತ್ತಿತ್ತು ಅಂದರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಅದು ನಮಗೆ ತಿಳಿದಿದ್ದು ತಡವಾಗಿ.

ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಅಗಲದ ಬಾಗಿಲು, ಜಾರದ ಟೈಲ್ಸ್, ಹಿಡಿಕೆ, ತುರ್ತು ಗಂಟೆ ಎಲ್ಲ ಅದರಲ್ಲಿವೆ. ಮಾದರಿ ಅಷ್ಟೇ, ತಾನಾಗಿ ಕಾನೂನಾಗುವುದಿಲ್ಲ. ಅದಕ್ಕೇ ಅವನ್ನೆಲ್ಲ ನಿಮ್ಮ ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಹೊರಗಿನ ರ್‍ಯಾಂಪಿಗೆ ಸ್ಟೀಲ್ ಹಿಡಿಕೆ ಹಾಕಿದರೆ ಮೇಲೆ ನೆರಳೂ ಬೇಕು ಅನ್ನಿ. ನಮ್ಮ ಕಡೆ ಮೇ ತಿಂಗಳ ಮಧ್ಯಾಹ್ನ ಅದನ್ನು ಮುಟ್ಟಲಿಕ್ಕಾಗುವುದಿಲ್ಲ.

ತುಂಗಭದ್ರೆ ಮಗಳು:

ಅಮ್ಮಾ, ಮನೆ ಕಟ್ಟುವವರೇ ಮುಂದೆ ನೋಡಿಕೊಳ್ಳುತ್ತಾರಾ, ಬೇರೆಯವರಿಗೆ ಬಿಡುತ್ತಾರಾ ಕೇಳಿ. ಆ ಮಾರ್ಗಸೂಚಿಯಲ್ಲಿ ಕಟ್ಟುವವರು, ಸೇವೆ ಕೊಡುವವರು, ಮನೆ ಕೊಳ್ಳುವವರು, ಮೂವರೂ ಸೇರಿ ಒಪ್ಪಂದ ಮಾಡಿಕೊಳ್ಳಬೇಕು ಅಂತ ಇದೆ. ಊಟ, ನರ್ಸು, ಆಂಬುಲೆನ್ಸ್ ಯಾರ ತಲೆ ಮೇಲೆ ಅನ್ನುವುದು ಬರವಣಿಗೆಯಲ್ಲಿ ಇರಲಿ.

ನಿವೃತ್ತ ಟೀಚರ್, ರಾಯಚೂರು:

ಎಲ್ಲರ ಮಾತನ್ನೂ ಇವರಿಗೆ ಓದಿ ಹೇಳಿದೆ. ಬಳ್ಳಾರಿ ಅಪ್ಪನ ವಿಷಯ ಬಂದಾಗ ಇವರು ಕಣ್ಣು ಒರೆಸಿಕೊಂಡರು.

ರೇರಾ ನಂಬರ್ ಕೇಳಿ ಫೋನ್ ಮಾಡಿದೆ. 'ಪ್ರೋಸೆಸ್‌ನಲ್ಲಿದೆ ಮೇಡಂ' ಅಂದರು. ಹಾಗಾದರೆ ಅದು ಬರುವವರೆಗೆ ನಮ್ಮ ಲಕ್ಷ ನಮ್ಮ ಹತ್ತಿರ ಇರಲಿ, ವಾಪಸ್ ಕೊಡಿ ಅಂತ ಹೇಳಿ, ಅದನ್ನೇ ಬರೆದು ಸ್ಪೀಡ್ ಪೋಸ್ಟ್ ಮಾಡಿದ್ದೇನೆ.

ಆಕ್ಷೇಪಣೆ ಎರಡು ಪುಟ ಆಗಿದೆ. ಬಾಗಿಲಿನ ಮಾತು ತೆಗೆದುಹಾಕಿದೆ. ಕೋಲಿನ ರಬ್ಬರ್ ಕೆಸರಿನಲ್ಲಿ ಉಳಿದಿದ್ದನ್ನು ಮಾತ್ರ ಬಿಟ್ಟಿಲ್ಲ, ಅದು ದಾರಿಯ ಮಾತೇ ಅಲ್ವಾ? ಇನ್ನೂ 6 ದಿನ ಇದೆ. ಸೋಮವಾರ ಬೆಳಿಗ್ಗೆ, ಪ್ರಕಟಣೆ ಕೊಟ್ಟ ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗುತ್ತೇನೆ. ಲಿಂಗಸುಗೂರು ರಸ್ತೆ ಕಡೆಯವರು ಯಾರಾದರೂ ಸಹಿ ಹಾಕುವುದಿದ್ದರೆ ಹನ್ನೊಂದು ಗಂಟೆಗೆ ಅಲ್ಲಿಗೆ ಬನ್ನಿ.