ಜಾಂಬಿ ‘ಸಹಜ’ ಜೀವಿಯೇ? ಫ್ಯಾಂಟಸಿ ಆಟಗಳ ಪದಗಳ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ, ಪಾತ್ರ ವಹಿಸಿ ಆಡುವ ಆಟಗಳ ಪ್ರಾಣಿವಿವರವನ್ನು ಕನ್ನಡದಲ್ಲಿ ಬರೆಯುವಾಗ ‘ನ್ಯಾಚುರಲ್’, ‘ಅನ್‌ನ್ಯಾಚುರಲ್’ ಎಂಬ ಜೋಡಿಗೆ ಏನನ್ನಬೇಕು? ‘ಸಹಜ, ಅಸಹಜ’ ಎಂದು ಬರೆದುಬಿಡಬಹುದು. ಆದರೆ ಆಗ ಆಟದ ನಿಯಮವೇ ಅಡ್ಡದಾರಿ ಹಿಡಿಯುತ್ತದೆ.

ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ 2014ರ ಐದನೇ ಆವೃತ್ತಿಯನ್ನೇ ನೋಡಿ. ಅಲ್ಲಿ ಜೀವಿಗಳು 14 ಬಗೆ. ನಿಸರ್ಗದ ಪ್ರಾಣಿಗಳೆಲ್ಲ ‘ಬೀಸ್ಟ್’. ಡ್ರೂಯಿಡ್ ಎಂಬ ನಿಸರ್ಗ-ಮಾಂತ್ರಿಕ ಪಾತ್ರ ರೂಪ ಬದಲಿಸುವಾಗ ಸಾಮಾನ್ಯವಾಗಿ ಬೀಸ್ಟ್ ಮಾತ್ರ ಆಗಬಹುದು. ಕುದುರೆ ಗಾತ್ರದ ಜೇಡ ಬೀಸ್ಟ್. ಪಾತ್ರದ ಹಂತ (ಲೆವೆಲ್) ಸಾಲುವಷ್ಟಿದ್ದರೆ ಡ್ರೂಯಿಡ್ ಅದಾಗಬಹುದು. ಗೂಬೆ ತಲೆ, ಕರಡಿ ಮೈಯ ಔಲ್‌ಬೇರ್ ಆಗುವಂತಿಲ್ಲ, ಅದು ನಿಸರ್ಗಕ್ಕೆ ಹೊರತಾದ ಭೀಕರ ಜೀವಿಗಳ ಬಗೆಯಾದ ‘ಮಾನ್‌ಸ್ಟ್ರಾಸಿಟಿ’. ನಮ್ಮ ಲೋಕದಲ್ಲಿ ಎರಡೂ ಇಲ್ಲ. ಎರಡೂ ಬೇಟೆಯಾಡಿ ತಿಂದು ಬದುಕುವಂಥವೇ. ಆದರೆ ಔಲ್‌ಬೇರನ್ನು ತಲೆಕೆಟ್ಟ ಮಾಂತ್ರಿಕನೊಬ್ಬ ಸೃಷ್ಟಿಸಿದ ಎಂಬ ಮಾತು ಆಟದ ಲೋಕದಲ್ಲಿ ಚಾಲ್ತಿಯಲ್ಲಿದೆ. ಅಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿನ ಮೂಲ. ರೂಪ ಎಷ್ಟೇ ವಿಚಿತ್ರವಾಗಿರಲಿ, ಅದು ಬೇರೆ ಮಾತು.

2008ರ ನಾಲ್ಕನೇ ಆವೃತ್ತಿ ಈ ಮೂಲವನ್ನು ಪ್ರತಿ ಜೀವಿಯ ವಿವರದಲ್ಲೇ ನಮೂದಿಸುತ್ತಿತ್ತು. ಅಲ್ಲಿ ಜಾಂಬಿ ‘ನ್ಯಾಚುರಲ್’, ಔಲ್‌ಬೇರ್ ‘ಫೇ’, ಅಂದರೆ ಕಿನ್ನರಲೋಕದ್ದು! ಎದ್ದು ನಡೆಯುವ ಹೆಣವನ್ನು ‘ಸಹಜ’ ಎಂದರೆ ಯಾವ ಕನ್ನಡ ಓದುಗರೂ ಒಪ್ಪಲಾರರು. ‘ಇಹಲೋಕದ್ದು’ ಎಂದರೆ ತಕರಾರಿಲ್ಲ, ಹೆಣ ಈ ಲೋಕದ್ದೇ ತಾನೆ. ಫೇ, ನರಕದ ಫೀಂಡ್, ಸ್ವರ್ಗದ ಸೆಲೆಸ್ಟಿಯಲ್‌ಗಳೆಲ್ಲ ‘ಅನ್ಯಲೋಕದವು’. ‘ಪರಲೋಕ’ ಬೇಡ, ಅದರಲ್ಲಿ ಸತ್ತಮೇಲಿನ ಗತಿಯ ಅರ್ಥ ಗಟ್ಟಿಯಾಗಿ ಕೂತಿದೆ.

ತೊಡಕಿರುವುದು ಮಂತ್ರದಿಂದ ಹುಟ್ಟಿದವುಗಳ ವಿಷಯದಲ್ಲಿ. ‘ಮಾಯಾಮೃಗ’ ಬಲು ಚೆಂದದ ಪದ, ಬಿಟ್ಟುಕೊಡಲು ಮನಸ್ಸಾಗುವುದಿಲ್ಲ. ಆದರೆ ಆ ಪದ ಕಿವಿಗೆ ಬಿದ್ದೊಡನೆ ಮಾರೀಚ ನೆನಪಾಗುತ್ತಾನೆ: ಜಿಂಕೆಯ ವೇಷ, ಒಳಗೆ ರಾಕ್ಷಸ. ಔಲ್‌ಬೇರ್ ವೇಷವಲ್ಲ, ರಕ್ತಮಾಂಸದ ಪ್ರಾಣಿ. ಅದರ ಪಂಜದ ಏಟಿಗೆ ಸಿಕ್ಕವರ ಮೈ ನಿಜವಾಗಿಯೇ ಸೀಳುತ್ತದೆ. ‘ವಿಕೃತ ಜೀವಿ’ ಎಂದರೆ ಮನಸ್ಸಿನ ದೋಷ ಅದಕ್ಕೆ ಅಂಟಿಕೊಳ್ಳುತ್ತದೆ. ಪತ್ರಿಕೆಗಳು ಆ ಪದವನ್ನು ಬಳಸಿರುವ ರೀತಿಯೇ ಹಾಗಿದೆ. ಅದನ್ನು ತೀರಾ ವಿಲಕ್ಷಣ ಜೀವಿಗಳ ಬಗೆಯಾದ ‘ಅಬೆರೇಶನ್’ಗೆ ಮೀಸಲಿಡುವುದು ಮೇಲು ಎಂದು ನನ್ನ ಅನಿಸಿಕೆ.

ಸದ್ಯಕ್ಕೆ ‘ಮಂತ್ರಜ’ ಎಂದು ಬರೆದುಕೊಂಡಿದ್ದೇನೆ. ‘ಜಲಜ’, ‘ಅಂಡಜ’ಗಳ ಜಾಡಿನಲ್ಲೇ ಇದೆ, ಹುಟ್ಟಿನ ಮೂಲವನ್ನೂ ಹೇಳುತ್ತದೆ. ಆದರೆ ಆಟದ ನಡುವೆ ಬಾಯಲ್ಲಿ ಸಲೀಸಾಗಿ ಹೊರಡುತ್ತದೆಯೇ? ಇದಕ್ಕಿಂತ ತಿಳಿಯಾದ ಕನ್ನಡದ ಪದ ಯಾರ ಬಳಿಯಾದರೂ ಇದ್ದರೆ, ಒಂದು ವಾಕ್ಯದಲ್ಲಿ ಬಳಸಿ ತೋರಿಸುತ್ತೀರಾ?