ಎ.ಎಸ್.ಓ. ಟೈಟರ್ 625, ಲೇಟೆಕ್ಸ್ ಮಾತ್ರ ನೆಗೆಟಿವ್: ತಪ್ಪು ಎಲ್ಲಿದೆ?

ಪ್ರಶ್ನೆ:
ನಮಸ್ಕಾರ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ, ಕೆಂಪು ರಕ್ತಕಣ ಒಡೆಯುವ ಸ್ಟ್ರೆಪ್ಟೊಲೈಸಿನ್ ಓ ವಿಷದ ವಿರುದ್ಧ ಇರುವ ಪ್ರತಿಕಾಯವನ್ನು (ಎ.ಎಸ್.ಓ.) ಹಳೆಯ ಕೊಳವೆ ವಿಧಾನದಲ್ಲಿ ಅಳೆಯುತ್ತಿದ್ದೇನೆ. ಒಂದು ಸೀರಮ್, 625 ಟಾಡ್ ಯೂನಿಟ್‌ನ (ಈ ಪ್ರತಿಕಾಯದ ಅಳತೆಮಾನ) ಕೊಳವೆಯವರೆಗೂ ಕೆಂಪು ರಕ್ತಕಣಗಳನ್ನು ಒಡೆಯಗೊಡಲಿಲ್ಲ. ಮೇಲಿನ ದ್ರವ ತಿಳಿಯಾಗಿಯೇ ಉಳಿದು, ಕಣಗಳೆಲ್ಲ ತಳದಲ್ಲಿ ಗುಂಡಿಯಂತೆ ಕೂತಿವೆ. ಅದೇ ಸೀರಮ್ 200 ಯೂನಿಟ್ ಮಿತಿಯ ಲೇಟೆಕ್ಸ್ ಪರೀಕ್ಷೆಯಲ್ಲಿ (ವಿಷ ಲೇಪಿಸಿದ ಸಣ್ಣ ಮಣಿಗಳು ಪ್ರತಿಕಾಯವಿದ್ದರೆ ಗುಂಪುಗೂಡುತ್ತವೆ) ನೆಗೆಟಿವ್. ಸೀರಮ್ ಹಾಕದ ಕಂಟ್ರೋಲ್ ಕೊಳವೆಯಲ್ಲಿ ಕಣಗಳು ಪೂರ್ತಿ ಒಡೆದಿವೆ.

ಉತ್ತರ:
ಕಂಟ್ರೋಲ್ ಕೊಳವೆಯ ವಿಷಯ ಬರೆದದ್ದು ಒಳ್ಳೆಯದಾಯಿತು. ಈ ವಿಷ ಆಮ್ಲಜನಕ ತಾಗಿದರೆ ಕೆಲಸ ಕಳೆದುಕೊಳ್ಳುತ್ತದೆ, ಹೆಸರಿನಲ್ಲಿರುವ ‘ಓ’ ಸೂಚಿಸುವುದೂ ಅದನ್ನೇ. ನಿಮ್ಮ ವಿಷ ಸತ್ತಿಲ್ಲ ಎಂದಾದ ಮೇಲೆ ಅನುಮಾನ ಸೀರಮ್‌ನ ಮೇಲೆಯೇ ಬರುತ್ತದೆ. ಕೊಲೆಸ್ಟ್ರಾಲ್ ಎಷ್ಟಿದೆ?

ಪ್ರಶ್ನೆ ಕೇಳಿದವರು:
ಒಟ್ಟು 340 ಮಿ.ಗ್ರಾಂ/ಡೆ.ಲೀ. ಆದರೆ ಸೀರಮ್ ಹಾಲಿನಂತೆ ಬಿಳಿಚಿಲ್ಲ, ಸ್ವಚ್ಛವಾಗಿದೆ.

ಉತ್ತರ:
ಹಾಲಿನ ಬಣ್ಣ ತರುವುದು ಟ್ರೈಗ್ಲಿಸರೈಡ್. ಇಲ್ಲಿ ಅಡ್ಡಬರುತ್ತಿರುವುದು ಕೊಲೆಸ್ಟ್ರಾಲ್, ಆದ್ದರಿಂದ ಕಣ್ಣಳತೆಯನ್ನು ನಂಬಬೇಡಿ. ಈ ವಿಷ ರಕ್ತಕಣದ ಪೊರೆಯಲ್ಲಿರುವ ಕೊಲೆಸ್ಟ್ರಾಲ್‌ಗೆ ಅಂಟಿಕೊಂಡು, ಅದರ ಹತ್ತಾರು ಅಣುಗಳು ಬಳೆಯಂತೆ ಜೋಡಿಸಿಕೊಂಡು ರಂಧ್ರ ಕೊರೆಯುತ್ತವೆ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣದ ಹೊರಮೈಯಲ್ಲೂ ಅದೇ ಮುಕ್ತ ಕೊಲೆಸ್ಟ್ರಾಲ್ ಇದೆ (ಒಳಗೆ ಎಸ್ಟರ್ ರೂಪದಲ್ಲಿ ತುಂಬಿರುವುದಕ್ಕೆ ಹೈಡ್ರಾಕ್ಸಿಲ್ ಗುಂಪು ಮುಚ್ಚಿಹೋಗಿರುವುದರಿಂದ ಅದು ವಿಷಕ್ಕೆ ಸಿಗುವುದಿಲ್ಲ). ನಿಮ್ಮ ವಿಧಾನದಲ್ಲಿ ಸೀರಮ್ ಮತ್ತು ವಿಷವನ್ನು ಮೊದಲು ಬೆರೆಸಿಟ್ಟು ಆಮೇಲೆ ರಕ್ತಕಣ ಹಾಕುತ್ತೀರಿ; ಅಷ್ಟರೊಳಗೆ ವಿಷ ಎಲ್‌ಡಿಎಲ್‌ಗೆ ಖರ್ಚಾಗಿದ್ದರೆ, ಅದನ್ನು ತಡೆದದ್ದು ಪ್ರತಿಕಾಯವೋ ಕೊಬ್ಬೋ ಎಂದು ಕೊಳವೆಗೆ ತಿಳಿಯುವುದಿಲ್ಲ. ಲೇಟೆಕ್ಸ್‌ನಲ್ಲಾದರೆ ಎರಡು ಮಣಿಗಳನ್ನು ಒಟ್ಟಿಗೆ ಹಿಡಿಯುವ ಪ್ರತಿಕಾಯವೇ ಬೇಕು.

ಡೆಕ್ಸ್‌ಟ್ರಾನ್ ಸಲ್ಫೇಟ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿ ಎಲ್‌ಡಿಎಲ್ ಅನ್ನು ಗರಣೆಗಟ್ಟಿಸಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ತಿಳಿಯಲ್ಲಿ ಪರೀಕ್ಷೆ ಮರುಮಾಡಿ. ಖಚಿತವಾಗಿ ಪಾಸಿಟಿವ್ ಆಗಿರುವ ಇನ್ನೊಂದು ಸೀರಮ್ ಅನ್ನೂ ಇದೇ ದಾರಿಯಲ್ಲಿ ಹಾಯಿಸಿ. ಇಲ್ಲವಾದರೆ ಪ್ರತಿಕಾಯವೂ ಗರಣೆಯೊಂದಿಗೆ ಹೋಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಸೇರಿಸಿದ ದ್ರಾವಣದಿಂದ ಆದ ದುರ್ಬಲೀಕರಣವನ್ನು ಲೆಕ್ಕಕ್ಕೆ ಹಿಡಿಯಲು ಮರೆಯಬೇಡಿ.

ಪ್ರಶ್ನೆ ಕೇಳಿದವರು:
ಮಾಡಿದೆ. ಸೀರಮ್ 100ಕ್ಕಿಂತ ಕೆಳಗಿಳಿಯಿತು, ಪಾಸಿಟಿವ್ ಸೀರಮ್ ಕದಲಲಿಲ್ಲ. ಹಾಗಾದರೆ ಹೆಚ್ಚು ಕೊಲೆಸ್ಟ್ರಾಲ್ ಇರುವವರಿಗೆ ರಕ್ತದಲ್ಲೂ ಇಂಥ ರಕ್ಷಣೆ ಇರುತ್ತದೆಯೇ?

ಉತ್ತರ:
ಕೊಳವೆಯ ಫಲಿತಾಂಶದಿಂದ ಅಷ್ಟು ದೂರ ಹೋಗಲಾಗದು. ಗ್ರಾಂ ನೆಗೆಟಿವ್ ಎಂಬ ಬೇರೆ ಗುಂಪಿನ ಬ್ಯಾಕ್ಟೀರಿಯಾದ ಎಂಡೊಟಾಕ್ಸಿನ್ ಎಂಬ ವಿಷ ತನ್ನ ಕೊಬ್ಬಿನ ಬಾಲವಾದ ಲಿಪಿಡ್ ಎ ಭಾಗವನ್ನು ಕೊಲೆಸ್ಟ್ರಾಲ್ ಹೊರುವ ಇನ್ನೊಂದು ಕಣವಾದ ಎಚ್‌ಡಿಎಲ್‌ನ ಹೊರಪದರದೊಳಗೆ ತೂರಿಸಿಕೊಂಡು, ಬಿಳಿರಕ್ತಕಣದ ಟಿಎಲ್‌ಆರ್4 ಗ್ರಾಹಕಕ್ಕೆ ಸಿಗದಂತಾಗುವುದು ನಿಜ; ಆದರೆ ಸೆಪ್ಸಿಸ್‌ನಲ್ಲಿ (ಸೋಂಕಿನಿಂದ ಇಡೀ ದೇಹ ಕೆಡುವ ಸ್ಥಿತಿ), ಬೇಕಾದ ಹೊತ್ತಿಗೇ, ಆ ಎಚ್‌ಡಿಎಲ್ ಕುಸಿದಿರುತ್ತದೆ. ಸದ್ಯಕ್ಕೆ ನಿಮ್ಮ ವರದಿಯಲ್ಲಿ 625 ಅನ್ನು ಬರೆಯಬೇಡಿ. ಸೋಂಕಿನ ಶಂಕೆ ಉಳಿದಿದ್ದರೆ ಅದೇ ಬ್ಯಾಕ್ಟೀರಿಯಾದ ಇನ್ನೊಂದು ಉತ್ಪನ್ನದ ವಿರುದ್ಧದ ಪ್ರತಿಕಾಯವನ್ನು ಅಳೆಯುವ, ಕೊಲೆಸ್ಟ್ರಾಲ್‌ನ ಹಂಗಿಲ್ಲದ ಆ್ಯಂಟಿ ಡಿಎನ್ಏಸ್ ಬಿ ಪರೀಕ್ಷೆಯನ್ನು ಮಾಡಿಸಿ.